ಮಲಗಿ ನೋಡುವ ಕೆಲಸ

ಹಾಸಿಗೆ ಹೊಲಿದು ಮುಗಿಸಿದ ಮೇಲೆ ಅದರ ಮೇಲೆ ಯಾರಾದರೂ ಒಮ್ಮೆ ಮಲಗಿ ನೋಡಬೇಕು. ಕೈಯಿಂದ ಒತ್ತಿದರೆ ಸಾಲದು. ಅಂಗೈಗೆ ಮೆತ್ತಗೆ ಕಂಡದ್ದೆಲ್ಲ ಬೆನ್ನಿಗೂ ಮೆತ್ತಗಿರುತ್ತದೆ ಎಂದೇನಿಲ್ಲ. ಅರಳೆ ಎಲ್ಲಿ ಗಂಟು ಕಟ್ಟಿದೆ, ಎಲ್ಲಿ ತೆಳುವಾಗಿದೆ, ಯಾವ ಮೂಲೆಯ ಹೊಲಿಗೆ ಬಿಗಿಯಾಗಿ ಎಳೆಯುತ್ತಿದೆ ಎಂಬುದು ಮೈಭಾರ ಬಿದ್ದಾಗಷ್ಟೇ ಗೊತ್ತಾಗುತ್ತದೆ. ಬೀದಿಯವರೆಲ್ಲ ಹಾಸಿಗೆ ಮಾವ ಎಂದು ಕರೆಯುವ ಮನುಷ್ಯ ತಮ್ಮ ಅಂಗಡಿಯಲ್ಲಿ ಈ ಒಂದು ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟವರಲ್ಲ. ಚಪ್ಪಲಿ ಬಿಟ್ಟು, ಜೇಬಿನಲ್ಲಿದ್ದುದನ್ನೆಲ್ಲ ತೆಗೆದಿಟ್ಟು, ಹಾಸಿಗೆಯ ಎಡಬದಿಯಲ್ಲಿ ಅಂಗಾತ ಮಲಗಿ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಮೆಲ್ಲನೆ ಮಗ್ಗುಲು ಬದಲಿಸುತ್ತ ಬಲಬದಿಯವರೆಗೆ ಹೊರಳುತ್ತಿದ್ದರು. ನಡುವೆ ಎಲ್ಲಾದರೂ ತಡೆದರೆ ಅಲ್ಲಿ ಸೀಮೆಸುಣ್ಣದ ಗುರುತು ಬೀಳುತ್ತಿತ್ತು. ಆ ಜಾಗದ ಹೊಲಿಗೆ ಬಿಚ್ಚಿ, ಅರಳೆ ಬಿಡಿಸಿ, ಮತ್ತೆ ಹೊಲಿಯಲೇಬೇಕು. ಗಿರಾಕಿ ಬಾಗಿಲಲ್ಲಿ ಕಾಯುತ್ತಿದ್ದರೂ ಅಷ್ಟೆ.

"ಮಾವ ಹೊರಳದ ಹಾಸಿಗೆ ಹೊಸಿಲು ದಾಟಲ್ಲ," ಎಂದು ಅವರ ಬಾಮೈದ ಬಂದವರಿಗೆಲ್ಲ ಹೇಳುತ್ತಿದ್ದ. ಬಾಮೈದ ಎಂದರೆ ಹೆಂಡತಿಯ ತಮ್ಮ. ಅಂಗಡಿಯಲ್ಲಿ ಇರುವುದು ಮೂವರೇ. ಹಿಂದಿನ ಕೋಣೆಯಲ್ಲಿ ಅರಳೆ ಹಿಂಜುವ ಯಂತ್ರ; ಅದರ ಮುಂದೆ ಮಾವ. ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮೇಲೆ ಗವಸು ಹೊಲಿಯುವವರು ಅವರ ಹೆಂಡತಿ. ಗಂಡ ಮಾವನಾದ ಮೇಲೆ ಹೆಂಡತಿ ಬೀದಿಗೆಲ್ಲ ಅತ್ತೆ. ತುಂಬಿದ ಹಾಸಿಗೆಗೆ ದಬ್ಬಳ ಹಾಕುವವನು ಬಾಮೈದ. ದಬ್ಬಳ ಎಂದರೆ ಗೇಣುದ್ದದ ದಪ್ಪ ಸೂಜಿ. ಹಾಸಿಗೆಯ ಮೇಲಿಂದ ಕೆಳಗೆ ದಾಟಿಸಿ, ಕೆಳಗಿಂದ ಮೇಲೆ ತಂದು, ದಪ್ಪ ದಾರ ಬಿಗಿದು ಗಂಟು ಹಾಕಿದರೆ ಒಳಗಿನ ಅರಳೆ ಜರುಗುವುದಿಲ್ಲ.

ಹಿಂಜುವ ಯಂತ್ರ ಅರಳೆಯನ್ನು ಬಿಡಿಸಿದಷ್ಟೂ ಧೂಳು ಏಳುತ್ತದೆ. ಕಿಟಕಿಯಿಂದ ಬೀಳುವ ಬಿಸಿಲಿನ ಪಟ್ಟಿಯಲ್ಲಿ ನೋಡಿದರೆ ಗಾಳಿಗಿಂತ ಧೂಳೇ ಹೆಚ್ಚು ಎನ್ನಿಸುವಷ್ಟು. ಮಾವ ಮೂಗಿಗೆ ಬಟ್ಟೆ ಕಟ್ಟಿದವರಲ್ಲ. ಕಟ್ಟಿದರೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದರು. ವರ್ಷಗಳು ಕಳೆದಂತೆ ಬಟ್ಟೆಯಿಲ್ಲದೆಯೂ ಕಟ್ಟತೊಡಗಿತು. ಮೊದಲು ನೆಗಡಿ, ಆಮೇಲೆ ಬಿಡದ ನೆಗಡಿ, ಆಮೇಲೆ ಕೆನ್ನೆಯಲ್ಲಿ, ಹುಬ್ಬಿನ ಮೇಲೆ ಸದಾ ಕೂತಿರುವ ಭಾರ. ಬಗ್ಗಿದರೆ ಮುಖದೊಳಗೆ ಏನೋ ಮುಂದಕ್ಕೆ ಜಾರಿದಂತೆ. ಸೈನಸ್ ಎಂದು ಎಲ್ಲರೂ ಹೇಳಿದರು. ಮೂಗಿನ ಸುತ್ತ ಮೂಳೆಯೊಳಗೆ ಇರುವ ಪೊಳ್ಳು ಗೂಡುಗಳ ಹೆಸರು ಅದು. ಅವುಗಳ ಬಾಯಿ ಊದಿ ಮುಚ್ಚಿಕೊಂಡರೆ ಒಳಗಿನದು ಹೊರಗೆ ಹರಿಯಲಾರದು. ಅದೇ ಕಾಯಿಲೆ.

"ನೆಗಡಿಯಂಥ ರೋಗವಿಲ್ಲ ಅಂತ ಹಿರಿಯರು ಸುಮ್ನೆ ಹೇಳಿಲ್ಲ ಭಾವ," ಎನ್ನುತ್ತಿದ್ದ ಬಾಮೈದ.

"ಹಿರಿಯರಿಗೆ ಹೇಳೋದು ಸುಲಭ. ಮೂಗು ನಂದು."

ವಾಸನೆಯೂ ಹೋಯಿತು. ಒಲೆಯ ಮೇಲೆ ಪಾತ್ರೆ ಸೀದು ಮನೆಯೆಲ್ಲ ಹೊಗೆಯಾದ ದಿನ ಮಾವ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು.

"ಏನ್ರೀ, ಇಷ್ಟು ಸೀದ್ರೂ ಗೊತ್ತಾಗ್ಲಿಲ್ವಾ?" ಎಂದರು ಅತ್ತೆ.

"ನನಗೆ ವಾಸನೆ, ರುಚಿ ಗೊತ್ತಾಗಲ್ಲ ಅಂತಾನೇ ನಮ್ಮ ಸಂಸಾರ ನೆಟ್ಟಗೆ ನಡೀತಿರೋದು ಕಣೇ."

ಆ ದಿನ ಅವರಿಗೆ ಚಹಾ ಎರಡನೇ ಸಲ ಸಿಗಲಿಲ್ಲ.

ಹಗಲು ಹೇಗೋ ಕಳೆಯುತ್ತಿತ್ತು. ಕಷ್ಟವೆಲ್ಲ ಮಲಗಿದಾಗ. ಮಲಗಿದರೆ ಮೂಗಿನ ಒಳಪದರಕ್ಕೆ ರಕ್ತ ಹೆಚ್ಚು ಹರಿದು ಅದು ಇನ್ನಷ್ಟು ಊದುತ್ತದೆ. ಬಾಯಿಂದ ಉಸಿರಾಡಬೇಕು, ಬಾಯಿ ಒಣಗುತ್ತದೆ, ಎಚ್ಚರವಾಗುತ್ತದೆ. ಊರಿಗೆಲ್ಲ ಹಾಸಿಗೆ ಮಾಡಿಕೊಡುವವರು ತಮ್ಮ ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದರು. ಹಾಗೆ ಒಂದು ಬಾರಿ ಕಾಯಿಲೆ ಜೋರಾದಾಗ ಬೀದಿಯ ಕೊನೆಯ ದವಾಖಾನೆಯಲ್ಲಿ ನೆಗಡಿಯ ಮಾತ್ರೆಯ ಜೊತೆಗೆ ನಿದ್ದೆಯ ಮಾತ್ರೆಯನ್ನೂ ಕೊಟ್ಟರು, ಈ ಜೋರು ಇಳಿಯುವವರೆಗೆ ಮಾತ್ರ ಎಂದು ಹೇಳಿ. ಜೋರು ಇಳಿಯಿತು. ಮಾತ್ರೆ ಇಳಿಯಲಿಲ್ಲ. ಬಾಮೈದನ ಗೆಳೆಯನೊಬ್ಬ ಔಷಧಿ ಅಂಗಡಿಯಲ್ಲಿದ್ದ. ಭಾವ ಕೇಳಿದಾಗಲೆಲ್ಲ ಬಾಮೈದ ತಂದುಕೊಟ್ಟ.

ಮಾವ ಅದನ್ನು ನಿದ್ದೆ ಮಾತ್ರೆ ಎಂದು ಕರೆಯಲೇ ಇಲ್ಲ. ಮೂಗಿನ ಮಾತ್ರೆ ಎನ್ನುತ್ತಿದ್ದರು. ಸುಳ್ಳು ಹೇಳಬೇಕೆಂದಲ್ಲ, ಹಾಗೆಂದೇ ನಂಬಿದ್ದರು. ನುಂಗಿದರೆ ಬೆಳಗಿನವರೆಗೆ ಮೂಗು ಕಟ್ಟಿದ್ದು ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಮೂಗು ಬಿಟ್ಟಿದೆ. ಲೆಕ್ಕ ಸರಿಯಾಗಿಯೇ ಕಾಣುತ್ತಿತ್ತು. ಕೆಲವು ತಿಂಗಳಲ್ಲಿ ಒಂದು ಸಾಲದೆ ಒಂದೂವರೆ ಆಯಿತು. ಬೆಳಗ್ಗೆ ಎದ್ದು ಹಗಲಿನ ಸೀನಿಗೆಂದು ನೆಗಡಿಯ ಮಾತ್ರೆ. ಅದೂ ತೂಕಡಿಕೆ ತರಿಸುವಂಥದ್ದೇ. ಮುಂಜಾನೆ ಹೊತ್ತಿಗೆ ಅವರ ಮೈಯಲ್ಲಿ ಹಿಂದಿನ ದಿನದ್ದರ ಉಳಿಕೆಯೂ ಆ ದಿನದ ಹೊಸತೂ ಕೂಡಿರುತ್ತಿದ್ದವು.

ಮಲಗಿ ನೋಡುವಾಗ ಅವರು ಕಣ್ಣು ಮುಚ್ಚಿ ಹಾಗೆಯೇ ಉಳಿಯತೊಡಗಿದ್ದು ಆ ದಿನಗಳಲ್ಲಿ. ಬಾಮೈದನಿಗೆ ನಗು.

"ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ ಅಂತಾರೆ. ನಮ್ಮ ಭಾವಂಗೆ ಸಂತೇಲೇ ಬರೋದು, ಮನೇಲಿ ಬರೋದಿಲ್ಲ. ಏಳಿ ಭಾವ, ಗಾಡಿಯವನು ಬಂದಿದಾನೆ."

"ನಿದ್ದೆ ಅಲ್ಲ ಕಣೋ. ನೋಡ್ತಿದ್ದೆ."

"ಗೊರಕೆ ಹೊಡ್ಕೊಂಡು ನೋಡೋದನ್ನ ಇವತ್ತೇ ನೋಡಿದ್ದು."

ಎಲ್ಲ ಹಾಸಿಗೆಗಳೂ ಸರಿಯಾಗಿವೆ ಎನ್ನಿಸುತ್ತಿತ್ತು ಅವರಿಗೆ. ಸೀಮೆಸುಣ್ಣ ಕಪಾಟಿನ ಮೇಲೆ ಧೂಳು ಹಿಡಿಯಿತು. ತಮ್ಮ ಕೈ ಪಳಗಿದೆ, ಇನ್ನು ತಪ್ಪಾಗುವುದಿಲ್ಲ ಎಂದು ಅದಕ್ಕೂ ಒಂದು ಕಾರಣ ಕಂಡುಕೊಂಡಿದ್ದರು.

ಒಂದು ದಿನ ಹಿಂದಿನ ಬೀದಿಯ ಅಜ್ಜಿಯೊಬ್ಬರ ಅಗಲ ಹಾಸಿಗೆ ಸಿದ್ಧವಾಗಬೇಕಿತ್ತು. ಹೆರಿಗೆಯಾದ ಮಗಳು ಕೂಸಿನೊಂದಿಗೆ ಅದೇ ಸಂಜೆ ಆಸ್ಪತ್ರೆಯಿಂದ ಮನೆಗೆ ಬರುವವಳಿದ್ದಳು. ಬಾಮೈದ ಬೆಳಗ್ಗೆಯಿಂದ ದಬ್ಬಳ ಹಾಕಿ ಮುಗಿಸಿದ. ಮಾವ ಮಲಗಿದರು, ಹೊರಳಿದರು ಅಥವಾ ಹೊರಳಿದೆ ಎಂದುಕೊಂಡರು. ಬಾಮೈದ ಭುಜ ಅಲುಗಿಸಿ ಎಬ್ಬಿಸಿದ. ಹಾಸಿಗೆ ಸುರುಳಿಯಾಗಿ ತಳ್ಳುಗಾಡಿ ಏರಿ ಹೋಯಿತು.

ಊಟವಾದ ಮೇಲೆ ಬಾಮೈದ ಇನ್ನೊಂದು ಹಾಸಿಗೆಗೆ ಕೂತವನು ಎದ್ದು ನಿಂತ. ದಬ್ಬಳ ಚುಚ್ಚಿಡುವ ಬಿರಟೆ ಹಲಗೆಯಲ್ಲಿ ಅವನದು ಇರಲಿಲ್ಲ. ಅಂಗಿಯ ಕಾಲರಿನಲ್ಲಿ ಇರಲಿಲ್ಲ. ನೆಲದ ಮೇಲೆ ಎಳೆದಾಡುವ ಅಯಸ್ಕಾಂತಕ್ಕೆ ಎರಡು ಮೊಳೆ ಅಂಟಿದವು, ದಬ್ಬಳ ಅಂಟಲಿಲ್ಲ.

"ಕೊನೇ ಸಲ ಎಲ್ಲಿ ಹಾಕಿದ್ದೆ?" ಎಂದರು ಮಾವ.

"ಅಜ್ಜಿ ಹಾಸಿಗೇಲಿ. ಆಮೇಲೆ ಗಾಡಿಯವನು ಕೂಗಿದ, ಎದ್ದು ಹೋದೆ..." ಬಾಮೈದನ ಮುಖ ಇಳಿಯಿತು. ಮರುಕ್ಷಣ ತಾನೇ ಧೈರ್ಯ ತಂದುಕೊಂಡ. "ಛೆ, ಅಲ್ಲಿರಕ್ಕಿಲ್ಲ ಬಿಡಿ. ನೀವು ಮಲಗಿ ನೋಡಿದ್ರಲ್ಲ ಭಾವ. ಇದ್ದಿದ್ರೆ ಚುಚ್ಚುತ್ತಿತ್ತು."

ಮಾವನಿಗೆ ಎಡಬದಿಯಲ್ಲಿ ಮಲಗಿದ್ದು ನೆನಪಿತ್ತು. ಬಲಬದಿ ಮುಟ್ಟಿದ್ದು ನೆನಪಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಓಡುವ ವಯಸ್ಸಲ್ಲ, ಓಡಿದರೆ ಬಾಯಿಂದಲೇ ಉಸಿರು, ಆದರೂ ಓಡಿದರು.

ಅಜ್ಜಿ ಹಾಸಿಗೆ ಬಿಡಿಸಿ, ಹೊಸ ಮೇಲುಹಾಸು ಹೊದಿಸಿ, ಒಂದು ಬದಿಯಲ್ಲಿ ಕೂಸಿಗೆಂದು ಪುಟ್ಟ ಬಟ್ಟೆ ಮಡಚಿಟ್ಟಿದ್ದರು.

"ತಾಯಿ, ಸ್ವಲ್ಪ ಹಾಸಿಗೆ ನೋಡ್ಬೇಕು."

"ಇನ್ನೇನು ನೋಡ್ತೀರಿ? ಚೆನ್ನಾಗಿದೆ. ನಾನೇ ಕೂತು ನೋಡಿದೆ."

"ಒಂದೇ ನಿಮಿಷ."

ಈ ಸಲ ಅವರು ಮಲಗಲಿಲ್ಲ. ಬೆನ್ನನ್ನು ನಂಬುವ ಧೈರ್ಯ ಬರಲಿಲ್ಲ. ಮೇಲುಹಾಸು ಸರಿಸಿ, ಮಂಡಿಯೂರಿ, ಎರಡೂ ಅಂಗೈಗಳ ಮೇಲೆ ಮೈಭಾರ ಬಿಟ್ಟು ಅಂಗುಲ ಅಂಗುಲವಾಗಿ ಒತ್ತುತ್ತ ಹೋದರು. ಮಡಚಿದ ಪುಟ್ಟ ಬಟ್ಟೆಯ ಪಕ್ಕದಲ್ಲಿ ಗವಸು ಮೇಲಕ್ಕೆ ಎದ್ದು ಒಂದು ಚುಕ್ಕೆ ಹೊಳೆಯಿತು. ಅದನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದರು. ದಬ್ಬಳ ಎಳೆದಷ್ಟೂ ಬಂತು.

ಅಜ್ಜಿ ಗೋಡೆ ಹಿಡಿದು ಕೂತರು. ಬಯ್ಯುತ್ತಾರೆ ಎಂದು ಮಾವ ಕಾದರು. ಅಜ್ಜಿ ಕೇಳಿದ್ದು ಒಂದೇ ಮಾತು: "ನೀವು ಮಲಗಿ ನೋಡಿಯೇ ಕಳಿಸೋದು ಅಂತ ಅಂದಿದ್ರಲ್ಲ?"

"ಮಲಗಿದ್ದೆ ತಾಯಿ. ನಿದ್ದೆ ಬಂದುಬಿಡ್ತು."

ಉಳಿದ ಭಾಗವನ್ನೂ ಒತ್ತಿ ನೋಡಿ, ಮೇಲುಹಾಸು ತಾವೇ ಹೊದಿಸಿ ಬಂದರು. ಮನೆಯಲ್ಲಿ ಬೆವರಿದ ಅಂಗಿ ಕಳಚಿದಾಗ ಅತ್ತೆ ಅದನ್ನು ಬೆಳಕಿಗೆ ಹಿಡಿದರು. ಬಲಭುಜದ ಹಿಂಭಾಗದಲ್ಲಿ ಒಣಗಿದ ರಕ್ತದ ಗೆರೆ. ಬೆನ್ನು ನೋಡಿದರೆ ಅಲ್ಲಿಯೂ ಅಷ್ಟೇ ಉದ್ದದ ಗೀರು.

"ದಬ್ಬಳ ಚುಚ್ಚಿದೆ ರೀ ನಿಮಗೆ."

ಮಾವ ಕೈ ಹಿಂದಕ್ಕೆ ಚಾಚಿ ಗೀರನ್ನು ಮುಟ್ಟಿಕೊಂಡರು. ಈಗ ಉರಿಯುತ್ತಿತ್ತು. ಆಗ ಏನೂ ಆಗಿರಲಿಲ್ಲ. ಅವರ ಮೈ ತನ್ನ ಕೆಲಸ ಮಾಡಿತ್ತು, ಅಲ್ಲಿದೆ ಎಂದು ಹೇಳಿತ್ತು; ಕೇಳಿಸಿಕೊಳ್ಳಬೇಕಾದವರು ಒಳಗೆ ಇರಲಿಲ್ಲ.

"ಯಾವ ಮಾತ್ರೆ ತಗೊಳ್ತೀರಿ ನೀವು? ಮೂಗಿಂದು ಅಂತೀರಲ್ಲ, ಅದರ ಹೆಸರೇನು?"

ಮಾವ ಬಾಮೈದನ ಕಡೆ ನೋಡಿದರು. ಅತ್ತೆಯೂ ತಮ್ಮನ ಕಡೆ ನೋಡಿದರು. ಬಾಮೈದ ಹೇಳಿದ. "ಭಾವಂಗೆ ಎರಡು ಗಳಿಗೆ ನಿದ್ದೆ ಬರ್ಲಿ ಅಂತ ತಂದ್ಕೊಟ್ಟೆ ಅಕ್ಕ."

"ಮೂಗಿಗಿಂತ ಮೂಗುತಿ ಭಾರ ಮಾಡಿದ್ರಿ ಇಬ್ಬರೂ ಸೇರಿ," ಎಂದರು ಅತ್ತೆ. ಅದೇ ಹೆಚ್ಚಾಯಿತು.

ಮಾವ ಉಳಿದ ಮಾತ್ರೆಗಳನ್ನೆಲ್ಲ ಮೋರಿಗೆ ಸುರಿದರು. ಪಶ್ಚಾತ್ತಾಪ ಪಟ್ಟವರು ಮಾಡುವ ಕೆಲಸವೇ; ಆದರೆ ಇಂಥ ಮಾತ್ರೆಯ ವಿಷಯದಲ್ಲಿ ಅದು ಎರಡನೆಯ ತಪ್ಪು. ತಿಂಗಳುಗಟ್ಟಲೆ ಮಾತ್ರೆಗೆ ಒಗ್ಗಿದ ನರಗಳು ಅದು ಇದ್ದಕ್ಕಿದ್ದಂತೆ ಇಲ್ಲವಾದರೆ ರಂಪ ಮಾಡುತ್ತವೆ. ಮೂರನೆಯ ಬೆಳಗ್ಗೆ ಮಾವನಿಗೆ ದಾರ ಪೋಣಿಸಲು ಆಗಲಿಲ್ಲ. ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಯಂತ್ರದ ಸದ್ದಿಗೆ ಬೆಚ್ಚಿ ಬೀಳುತ್ತಿದ್ದರು. ಅತ್ತೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಗಂಡನನ್ನು ದೊಡ್ಡಾಸ್ಪತ್ರೆಯ ಮೂಗಿನ ಡಾಕ್ಟರಮ್ಮನ ಬಳಿ ಕರೆದೊಯ್ದರು.

ಡಾಕ್ಟರಮ್ಮ ಮೂಗಿನೊಳಗೆ ದೀಪದ ಕೊಳವೆ ಬಿಟ್ಟು ನೋಡಿದರು. ಒಳಪದರ ಊದಿಕೊಂಡು, ದ್ರಾಕ್ಷಿಯಂಥ ಸಣ್ಣ ಗಡ್ಡೆಗಳು ದಾರಿ ಮುಚ್ಚಿದ್ದವು. ಆಮೇಲೆ ಮಾತ್ರೆಯ ವಿಷಯ ಕೇಳಿದರು.

"ಅದನ್ನ ತಗೊಂಡ್ರೆ ಮೂಗು ಬಿಡ್ತಿತ್ತು ಡಾಕ್ಟ್ರೇ," ಎಂದರು ಮಾವ.

"ಬಿಡ್ತಿತ್ತು ಅಂತ ಹೇಗೆ ಗೊತ್ತು?"

"ಬೆಳಗಿನವರೆಗೂ ಎಚ್ಚರ ಆಗ್ತಿರ್ಲಿಲ್ಲ."

"ಎಚ್ಚರ ಆಗ್ತಿರ್ಲಿಲ್ಲ, ಸರಿ. ಪಕ್ಕದಲ್ಲಿ ಮಲಗೋರನ್ನ ಕೇಳೋಣ." ಡಾಕ್ಟರಮ್ಮ ಅತ್ತೆಯ ಕಡೆ ತಿರುಗಿದರು.

"ಬಾಯಿ ಬಿಟ್ಕೊಂಡೇ ಮಲಗ್ತಾರೆ. ಗೊರಕೆಗೆ ಗೋಡೆ ಅದುರುತ್ತೆ. ಮಧ್ಯೆ ಮಧ್ಯೆ ಉಸಿರು ನಿಂತ ಹಾಗಾಗುತ್ತೆ, ಆಮೇಲೆ ಒಮ್ಮೆ ಜೋರಾಗಿ ಎಳ್ಕೋತಾರೆ. ಅಲುಗಿಸಿದ್ರೂ ಏಳಲ್ಲ."

ಮಾವ ಹೆಂಡತಿಯನ್ನು ನೋಡಿದರು. "ಹೇಳ್ಲೇ ಇಲ್ವಲ್ಲ ನೀನು?"

"ನಿದ್ದೆ ಬರ್ತಿದೆಯಲ್ಲ ಪಾಪ, ಅಂತ ಸುಮ್ನಿದ್ದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು. ಆ ಮಾತ್ರೆ ಮೂಗಿನ ಊತವನ್ನು ಎಳ್ಳಷ್ಟೂ ಇಳಿಸುವುದಿಲ್ಲ. ಉಸಿರು ಸಾಲದಾದಾಗ ಮೈ ತಾನಾಗಿ ಎಚ್ಚರಗೊಳ್ಳುತ್ತದೆ, ಅದು ಕಾವಲು. ಮಾತ್ರೆ ಆ ಕಾವಲಿನವನಿಗೂ ತೂಕಡಿಕೆ ತರಿಸುತ್ತದೆ, ಗಂಟಲನ್ನೂ ಸಡಿಲಿಸುತ್ತದೆ. ಮೂಗಿಗೆ ದಿನವೂ ಉಪ್ಪುನೀರಿನ ತೊಳೆತ, ಸಿಂಪಡಿಸುವ ಔಷಧಿ. ಅದರಿಂದ ಗಡ್ಡೆ ಕುಗ್ಗದಿದ್ದರೆ ಆಮೇಲೆ ಆಪರೇಷನ್ ಮಾತು. ಹಗಲಿನ ನೆಗಡಿ ಮಾತ್ರೆ ಬೇಡ. ಮಲಗಿದಾಗ ಉಸಿರು ನಿಲ್ಲುವುದನ್ನು ಬೇರೆಯೇ ಪರೀಕ್ಷೆ ಮಾಡಬೇಕು. ನಿದ್ದೆ ಮಾತ್ರೆಯನ್ನು ಮಾತ್ರ ಒಮ್ಮೆಲೇ ಬಿಡಬಾರದು. ತಾವು ಬರೆದುಕೊಟ್ಟಂತೆ ವಾರಗಟ್ಟಲೆ ಚೂರು ಚೂರೇ ಇಳಿಸಬೇಕು, ಪ್ರತಿ ಸಲ ಬಂದು ತೋರಿಸಬೇಕು.

"ಹಿಂಜೋ ಯಂತ್ರದ ಹತ್ರ ಹೋಗ್ಬೇಡಿ, ಬೆರಳು ಹೋದೀತು. ಬೇರೆ ಏನು ಕೆಲಸ ನಿಮ್ಮದು?"

"ಹಾಸಿಗೆ ಮೇಲೆ ಮಲಗಿ ನೋಡೋದು."

ಡಾಕ್ಟರಮ್ಮ ನಗಬೇಕೋ ಬೇಡವೋ ಎಂದು ಅತ್ತೆಯ ಮುಖ ನೋಡಿದರು. ಅಲ್ಲಿ ನಗು ಇರಲಿಲ್ಲ. ಅತ್ತೆ ದಬ್ಬಳದ ಕಥೆ ಹೇಳಿದರು.

"ಹಾಗಾದ್ರೆ ಅದೂ ಬೇಡ," ಎಂದರು ಡಾಕ್ಟರಮ್ಮ. "ಮಾತ್ರೆ ಪೂರ್ತಿ ಬಿಡೋವರೆಗೆ ನಿಮ್ಮ ಬೆನ್ನು ಹೇಳಿದ್ದನ್ನ ನೀವೂ ನಂಬಬೇಡಿ."

ಯಂತ್ರ ಬಿಡುವುದು ಮಾವನಿಗೆ ಅಷ್ಟು ಕಷ್ಟವಾಗಲಿಲ್ಲ. ಬಾಮೈದ ಅದನ್ನು ಹಿತ್ತಲಿನ ಮಾಡಿನ ಕೆಳಗೆ ಸಾಗಿಸಿ, ಮುಖಕ್ಕೆ ಗಟ್ಟಿ ಮುಸುಕು ಕಟ್ಟಿಕೊಂಡು ತಾನೇ ನಿಂತ. ದಾರ, ದಬ್ಬಳ, ಮೂಲೆ ತುಂಬುವುದು ಮಾವನ ಪಾಲಿಗೆ ಬಂತು. ಆದರೆ ಮಲಗಿ ನೋಡುವವರು ಯಾರು? ಬಾಮೈದ ಒಮ್ಮೆ ಪ್ರಯತ್ನಿಸಿದ. ಅವನ ಬೆನ್ನಿಗೆ ಹಲಗೆಯೂ ಹಾಸಿಗೆಯೂ ಒಂದೇ. ಕೊನೆಗೆ ಅತ್ತೆ ಗವಸು ಹೊಲಿಯುವುದನ್ನು ನಿಲ್ಲಿಸಿ ಎದ್ದು ಬಂದರು. ಸೆರಗು ಬಿಗಿದುಕೊಂಡು, ಎಡಬದಿಯಲ್ಲಿ ಮಲಗಿ ಕಣ್ಣು ಮುಚ್ಚಿದರು.

"ಇಲ್ಲಿ ಗಂಟಿದೆ."

"ಅದು ಗಂಟಲ್ಲ ಕಣೇ, ಹೊಲಿಗೆ."

"ಮಲಗಿರೋಳು ನಾನು. ಸೀಮೆಸುಣ್ಣ ಕೊಡಿ."

ಬಿಚ್ಚಿದರೆ ಗಂಟೇ. ಮಾವನಿಗೆ ಅದು ಸುಲಭಕ್ಕೆ ಜೀರ್ಣವಾಗಲಿಲ್ಲ. ಮನೆ ಯಜಮಾನ ನಿಂತು ನೋಡುವುದು, ಹೆಂಡತಿ ಮಲಗಿ ತಪ್ಪು ಹೇಳುವುದು! ಬೀದಿಯಲ್ಲಿ ಹೋಗುವವರಿಗೆ ಕಾಣದಂತೆ ಬಾಗಿಲಿಗೆ ಪರದೆ ಕಟ್ಟಿಸಿದರು. ಅದು ಅತ್ತೆಯ ಮರ್ಯಾದೆಗೆ ಎಂದು ಹೇಳಿದರು. ಯಾರ ಮರ್ಯಾದೆಗೆ ಎಂದು ಅತ್ತೆ ಕೇಳಲಿಲ್ಲ.

ಅತ್ತೆ ಡಾಕ್ಟರಮ್ಮ ಹೇಳಿದ ಅಳತೆಗೆ ಮಾತ್ರೆಯನ್ನು ಸಣ್ಣ ಕತ್ತಿಯಿಂದ ಕತ್ತರಿಸಿ ಕೊಡುತ್ತಿದ್ದರು. ಚೂರು ಕಡಿಮೆಯಾದಾಗಲೆಲ್ಲ ಕೆಲವು ದಿನ ಮಾವ ಸಿಡುಕುತ್ತಿದ್ದರು. ಉಸಿರಿನ ಪರೀಕ್ಷೆಯಲ್ಲಿ ಗಾಬರಿಪಡುವಂಥದ್ದು ಕಾಣಲಿಲ್ಲ. ತಲೆಯ ಕೆಳಗೆ ಎತ್ತರ ಮಾಡಿ ಒಂದು ಮಗ್ಗುಲಾಗಿ ಮಲಗಿ ಎಂದರು ಡಾಕ್ಟರಮ್ಮ. ನಿದ್ದೆ ಹರಿದು ಹರಿದು ಬರುತ್ತಿತ್ತು; ಆದರೆ ಎಚ್ಚರವಾದಾಗ ಒಂದು ಹೊಳ್ಳೆಯಿಂದಲಾದರೂ ಗಾಳಿ ಆಡುತ್ತಿತ್ತು. ಒಂದು ಮಧ್ಯಾಹ್ನ ಗವಸಿನ ಹೊಸ ಬಟ್ಟೆಯ ಕಟ್ಟು ಬಿಚ್ಚಿದಾಗ ಮಾವ ಥಟ್ಟನೆ ನಿಂತರು. "ಇದಕ್ಕೆ ಗಂಜಿ ವಾಸನೆ ಇದೆ," ಎಂದರು. ಇಡೀ ದಿನ ಆ ಬಟ್ಟೆಯನ್ನು ಬಿಟ್ಟು ಏಳಲಿಲ್ಲ.

ದಿನದ ಪಾಲು ಮಾತ್ರೆಯ ಕಾಲು ಭಾಗಕ್ಕೆ ಇಳಿದಿತ್ತು. ಆಗ ಒಬ್ಬ ಲಾರಿ ಡ್ರೈವರ್ ಬಂದ. ಬೆನ್ನುನೋವಿನವನು, ತನ್ನ ಹಾಸಿಗೆ ಸಿದ್ಧವಾಗಿದೆಯೇ ಎಂದು ನೋಡಲು ಬಂದಿದ್ದ.

"ಹೊಲಿದಿದ್ದಾಗಿದೆ, ಇನ್ನು ನೋಡೋದೊಂದು ಬಾಕಿ," ಎಂದ ಬಾಮೈದ.

"ಹಾಗಾದ್ರೆ ಮಾವ, ನನ್ನ ಮುಂದೇನೇ ಮಲಗಿ ನೋಡಿ. ನಿಮ್ಮ ಹೆಸರು ಕೇಳಿಯೇ ಅಷ್ಟು ದೂರದಿಂದ ಬಂದಿದ್ದು."

ಬಾಮೈದ ಭಾವನಿಗೆ ಕಣ್ಣು ಮಿಟುಕಿಸಿದ. ಸುಮ್ಮನೆ ಒಮ್ಮೆ ಮಲಗಿ ಏಳಿ ಎಂದರ್ಥ. ಮಾವನ ಕೈ ಚಪ್ಪಲಿಯ ಕಡೆಗೆ ಹೋಯಿತು. ಆ ಕ್ಷಣ ಅವರಿಗೆ ಎಷ್ಟು ಆಸೆಯಾಗಿತ್ತು ಎಂಬುದು ಅತ್ತೆಗೆ ಗೊತ್ತಿತ್ತು. ಅದಕ್ಕೇ ಅವರು ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ನಾನು ನೋಡಕ್ಕಾಗಲ್ಲಪ್ಪ," ಎಂದರು ಮಾವ. "ನಿದ್ದೆ ಮಾತ್ರೆ ಬಿಡ್ತಾ ಇದೀನಿ. ಇನ್ನೂ ಪೂರ್ತಿ ಬಿಟ್ಟಿಲ್ಲ. ನನ್ನ ಬೆನ್ನು ಸರಿಯಾಗಿ ಹೇಳುತ್ತೋ ಇಲ್ವೋ, ನನಗೇ ಗೊತ್ತಿಲ್ಲ. ಇವಳು ನೋಡ್ತಾಳೆ."

ಹೊರಗಿನವರ ಮುಂದೆ ಅದನ್ನು ನಿದ್ದೆ ಮಾತ್ರೆ ಎಂದು ಕರೆದದ್ದು ಅದೇ ಮೊದಲು.

"ಇವರಾ?" ಡ್ರೈವರ್ ಹುಬ್ಬೇರಿಸಿದ. "ಹಾಗಾದ್ರೆ ನಾನು ಬೇರೆ ಅಂಗಡಿ ನೋಡ್ಕೊಳ್ಲಾ?"

"ನೋಡ್ಕೋಬಹುದು."

ಬಾಮೈದ ನಿಟ್ಟುಸಿರು ಬಿಟ್ಟ. ಅತ್ತೆ ಎದ್ದು ಬಂದು, ಮೂವರನ್ನೂ ಹೊರಗಿನ ಮೆಟ್ಟಿಲಿಗೆ ಕಳಿಸಿ ಪರದೆ ಎಳೆದರು. ಒಳಗೆ ಹಾಸಿಗೆ ಸರಸರ ಎಂದಿತು, ನಿಂತಿತು, ಮತ್ತೆ ಸರಸರ ಎಂದಿತು. ಡ್ರೈವರ್ ಹೋಗುವವನು ಹೋಗದೆ, ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಒರಗಿ ನಿಂತ.

"ರೀ," ಎಂದು ಪರದೆಯ ಒಳಗಿಂದ ಅತ್ತೆಯ ದನಿ. "ಬಲಗಡೆ ಕೆಳಮೂಲೆ ಕಲ್ಲಿನ ಹಾಗಿದೆ. ಯಾರು ತುಂಬಿದ್ದು ಇದನ್ನ?"

"ನಾನೇ," ಎಂದರು ಮಾವ.

ಬಾಮೈದನಿಗೆ ಕೆಮ್ಮು ಬಂತು, ಅಥವಾ ಅಂಥದ್ದೇನೋ. ಮಾವ ಒಳಗೆ ಹೋಗಿ ಕತ್ತರಿ ತೆಗೆದುಕೊಂಡರು. ಸೀಮೆಸುಣ್ಣದ ಗುರುತಿನ ಮೇಲೆ ಬೆರಳಿಟ್ಟು ನೋಡಿದರು. ಬೆರಳಿಗೇನೂ ತಿಳಿಯಲಿಲ್ಲ. ಆದರೂ ಹೊಲಿಗೆ ಬಿಚ್ಚಿ ಕೈ ಹಾಕಿದರು. ಸರಿಯಾಗಿ ಹಿಂಜದ ಅರಳೆಯ ಮುದ್ದೆ ಸಿಕ್ಕಿತು. ಪರದೆ ಸರಿಸಿ, ಅದನ್ನು ಡ್ರೈವರ್‌ಗೆ ಕಾಣುವಂತೆ ನೆಲದ ಮೇಲಿಟ್ಟು ಎಳೆ ಎಳೆಯಾಗಿ ಬಿಡಿಸತೊಡಗಿದರು.

"ಎಷ್ಟು ಹೊತ್ತಾಗುತ್ತೆ ಮಾವ?"

"ನಾಳೆ ಬಾಪ್ಪ. ಇವಳು ಇನ್ನೊಂದು ಸಲ ಮಲಗಿ ನೋಡ್ಬೇಕು."

ಡ್ರೈವರ್ ಗೊಣಗಿಕೊಂಡೇ ಮೆಟ್ಟಿಲಿಳಿದ. ಬೀದಿಗಿಳಿದ ಮೇಲೆ ಹಿಂದೆ ತಿರುಗಿ, "ಅತ್ತೇ, ನೀವೇ ನೋಡಿ ಮತ್ತೆ," ಎಂದು ಕೂಗಿ ಹೇಳಿದ. ಮಾವ ಮುದ್ದೆಯ ಕೊನೆಯ ಎಳೆ ಬಿಡಿಸಿ ಅರಳೆಯನ್ನು ಒಳಗೆ ಹರಡಿದರು, ದಬ್ಬಳಕ್ಕೆ ದಾರ ಪೋಣಿಸಿದರು. ಎದ್ದು ಹೋಗಿ ಬಾಗಿಲಿನ ಪರದೆಯನ್ನು ಬಿಚ್ಚಿ ಮಡಚಿ ಅತ್ತೆಯ ಕೈಗೆ ಕೊಟ್ಟರು.

"ಒಳಗೆ ಬೆಳಕು ಸಾಲ್ತಿಲ್ಲ," ಎಂದರು.